ಎರಡು ಗಂಟೆಯ ಔಷಧಿ

ತಪ್ಪು ನನ್ನದೇ, ಮೊದಲೇ ಹೇಳಿಬಿಡುತ್ತೇನೆ. ಮೂರು ವರ್ಷದ ಹಿಂದೆ ಜಗಳೂರಿನ ಒಂದು ಸಂಸ್ಥೆಯಲ್ಲಿ ನಾನು ತರಬೇತಿ ಸಹಾಯಕ. ಮಲೆನಾಡ ಅಂಚಿನ ಸವಳಂಗದವನು, ಕುರಿಯ ಬಗ್ಗೆ ಗೊತ್ತಿದ್ದದ್ದು ಅದರ ಸಾರು ಮಾತ್ರ. ಆದರೆ ಯಾರ ದನಿಯನ್ನಾದರೂ ಅಣಕಿಸಬಲ್ಲೆ. ಕೆಲಸ ಸಿಕ್ಕಿದ್ದೂ ಬಹುಶಃ ಅದರಿಂದಲೇ.

ಕುರಿಗಳಿಗೆ ಲಸಿಕೆ ಚುಚ್ಚುವುದನ್ನು ಹಳ್ಳಿಯ ಹೆಂಗಸರಿಗೆ ಕಲಿಸುವ ತರಬೇತಿ ಅದು. ಸೀಸೆಯಲ್ಲಿ ಪುಡಿ ಇರುತ್ತದೆ. ಜೊತೆಗೆ ಕೊಟ್ಟ ದ್ರಾವಣ ಬೆರೆಸಿ ಚುಚ್ಚಬೇಕು. ಪೆಟ್ಟಿಗೆಯೊಳಗಿನ ಚೀಟಿ ಪೂರ್ತಿ ಇಂಗ್ಲಿಷ್. ಅದನ್ನು ನಾನು ಕಂಪನಿ ಏಜೆಂಟನ ಗತ್ತಿನಲ್ಲಿ, ಮೂಗಿನಿಂದ ಓದಿದೆ: "ಡಿಸ್ಕಾರ್ಡ್ ರೀಕಾನ್‌ಸ್ಟಿಟ್ಯೂಟೆಡ್ ವ್ಯಾಕ್ಸಿನ್ ಆಫ್ಟರ್ ಟೂ ಅವರ್ಸ್."

ಎಲ್ಲರೂ ಬಿದ್ದು ಬಿದ್ದು ನಕ್ಕರು. ನಮ್ಮ ಯೋಜನಾಧಿಕಾರಿ ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನ ಹನುಮಕ್ಕ ಒಬ್ಬಳೇ ಕೈ ಎತ್ತಿದಳು.

"ಹಂಗಂದ್ರೆ ಏನಪ್ಪಾ?"

ಎರಡು ಗಂಟೆ ಎಂಬುದು ಬಿಟ್ಟರೆ ನನಗೂ ಗೊತ್ತಿರಲಿಲ್ಲ. "ಇಂಗ್ಲಿಷು ಕಂಪನಿಯೋರಿಗೆ, ಸೂಜಿ ನಿಮಗೆ ಅಕ್ಕಾ," ಎಂದೆ. ಮತ್ತೆ ನಗು. ಅವಳು ಕೈ ಇಳಿಸಿದಳು.

ಬೆರೆಸಿ ಎರಡು ಗಂಟೆ ಮೀರಿದ ಲಸಿಕೆಯನ್ನು ಚೆಲ್ಲಬೇಕು, ಅಷ್ಟೇ ಅದರ ಅರ್ಥ. ಆ ಕಡೆ ಔಷಧಿಯ ಒಂದು ಹನಿಯನ್ನೂ ಯಾರೂ ಚೆಲ್ಲುವುದಿಲ್ಲ. ತರಬೇತಿ ಮುಗಿಸಿ ಸಂಸ್ಥೆಯ ಲಸಿಕೆ ಕೆಲಸಕ್ಕೆ ಸೇರಿದ ಹನುಮಕ್ಕ ಒಂದು ದಿನ ಬೆಳಿಗ್ಗೆ ಬೆರೆಸಿದ್ದರಲ್ಲಿ ಉಳಿದದ್ದನ್ನು ಸಂಜೆ ಮೈದುನನ ಕುರಿಗಳಿಗೆ ಚುಚ್ಚಿದಳು. ಮುಂದಿನ ತಿಂಗಳು ರೋಗ ಬಂತು. ಬೆಳಿಗ್ಗೆ ಚುಚ್ಚಿಸಿಕೊಂಡವು ಉಳಿದವು. ಸಂಜೆಯವುಗಳಲ್ಲಿ ಒಂಬತ್ತು ಸತ್ತವು. ಹನುಮಕ್ಕನ ಕೈಗುಣವೇ ಸರಿಯಿಲ್ಲ ಎಂದು ಊರು ಅವಳನ್ನು ಕುರಿಹಟ್ಟಿಯ ಹತ್ತಿರ ಬಿಡದಾಯಿತು.

ಅಧಿಕಾರಿ ಅವಳನ್ನು ಕಚೇರಿಗೆ ಕರೆಸಿದರು. ಸೂಚನೆ ಮೀರಿದ್ದು ನನ್ನ ತಪ್ಪು, ಕೆಲಸ ಬಿಡುತ್ತೇನೆ ಎಂಬ ಹೇಳಿಕೆ ಸಿದ್ಧವಿತ್ತು. ಅದೂ ಇಂಗ್ಲಿಷಿನಲ್ಲಿ. ಟೈಪ್ ಮಾಡಿದವನು ನಾನೇ. ಅದರಲ್ಲಿದ್ದ 'ನೆಗ್ಲಿಜೆನ್ಸ್' ಪದಕ್ಕೆ ಮೊಬೈಲಿನಲ್ಲಿ ಅರ್ಥ ಹುಡುಕಿದೆ: ನಿರ್ಲಕ್ಷ್ಯ. ಅರ್ಧ ನಿಮಿಷ ಹಿಡಿಯಿತು. ಚೀಟಿಗೂ ಇಷ್ಟೇ ಸಾಕಿತ್ತಲ್ಲ ಎಂದು ಹೊಳೆದಾಗ ಮೈಯೆಲ್ಲ ಉರಿಯಿತು. ಮೊದಲು ನನ್ನ ಮೇಲೆ. ಆಮೇಲೆ, ಓದಲಾಗದ ಚೀಟಿ ಕೊಟ್ಟು, ಓದಲಾಗದ ಕಾಗದಕ್ಕೇ ಸಹಿ ಕೇಳುವ ಈ ದೊಡ್ಡಸ್ತಿಕೆಯ ಮೇಲೆ. ಆ ಉರಿ ಇನ್ನೂ ಆರಿಲ್ಲ. ಇಂದಿಗೂ ತರಬೇತಿಯಲ್ಲಿ ಗೊತ್ತಿಲ್ಲದ ಪದ ಬಂದರೆ, ಗೊತ್ತಿಲ್ಲ ಎಂದು ಮೊದಲು ನಾನೇ ಹೇಳುತ್ತೇನೆ.

ಅಂದು ಅಧಿಕಾರಿಯ ಎದುರೇ ಆ ಹೇಳಿಕೆಯನ್ನು ಸಾಲು ಸಾಲಾಗಿ ಕನ್ನಡದಲ್ಲಿ ಅವಳಿಗೆ ಹೇಳಿದೆ. ಅಣಕವಿಲ್ಲದ ನನ್ನ ದನಿ ನನಗೇ ಹೊಸದಾಗಿತ್ತು. ಅಧಿಕಾರಿ ಕೆಂಪಾದರು.

"ಅರ್ಥ ಆಗ್ದಿದ್ರೆ ಅವತ್ತೇ ಕೇಳ್ಬೇಕಿತ್ತಮ್ಮ."

ಹನುಮಕ್ಕ ಪೆನ್ನನ್ನು ಅವರ ಕಡೆ ತಳ್ಳಿದಳು.

"ಕೇಳಿದ್ನಲ್ರೀ ಸಾಹೇಬ್ರೆ. ಈ ಹುಡುಗ ನಗಸಿದ, ನೀವು ಚಪ್ಪಾಳೆ ಹೊಡದ್ರಿ. ಅದನ್ನೂ ಬರೀರಿ, ಕನ್ನಡದಾಗೆ. ಆಮೇಲೆ ಸೈನ್ ಹಾಕ್ತೀನಿ."