ಸಾಗರದ ಸರ್ವರ್, ತೀರ್ಥಹಳ್ಳಿಯ ಅಪ್ಪಯ್ಯ

ಅಪ್ಪಯ್ಯನ ಮಾತು ನಿಂತುಹೋಯಿತು ಎಂದು ತಂಗಿ ಫೋನ್ ಮಾಡಿದಾಗ ನಾನು ನಂಬಲೇ ಇಲ್ಲ. ಜ್ವರ ಬರಬಹುದು, ಮಂಡಿ ನೋಯಬಹುದು, ಅಪ್ಪಯ್ಯನ ಬಾಯಿ ನಿಲ್ಲುವುದುಂಟೇ? ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಕೂತು ಬರೀ ಮಾತಿನಲ್ಲಿ ಎದುರಾಳಿಗೆ ಮಣ್ಣು ಮುಕ್ಕಿಸುವ ತಾಳಮದ್ದಳೆಯಲ್ಲಿ ಆಯುಷ್ಯ ಕಳೆದ ಮನುಷ್ಯ ಅವರು. ಸಾರಿಗೆ ಉಪ್ಪು ಕಮ್ಮಿಯಾಗಿದೆ ಎಂಬುದನ್ನೂ ವಾದ ಹೂಡಿ, ಪ್ರತಿವಾದ ಖಂಡಿಸಿ, ಆಮೇಲೆ ಉಪ್ಪು ಕೇಳುತ್ತಿದ್ದರು. ಪಾರ್ಶ್ವವಾಯು ಕೈಕಾಲನ್ನೆಲ್ಲ ಬಿಟ್ಟು ಹುಡುಕಿಕೊಂಡು ಹೋಗಿ ನಾಲಿಗೆಯನ್ನೇ ಹಿಡಿಯಿತು. ಆಸ್ಪತ್ರೆಯಲ್ಲಿ ನನ್ನನ್ನು ನೋಡಿ ಬಾಯಿ ತೆರೆದರು. "ಬ... ಬ..." ಅಷ್ಟೇ.

ಮಾತು ಕಲಿಸುವ ವೈದ್ಯೆಯೊಬ್ಬರು ಒಂದು ದಾರಿ ಹೇಳಿದರು. ಅವರದೇ ಹಳೆಯ ದನಿಯನ್ನು ದಿನಾ ಕೇಳಿಸಿ, ಜೊತೆಯಲ್ಲಿ ಹೇಳಲು ಪ್ರಯತ್ನಿಸಲಿ, ಬಂದರೂ ಬರಬಹುದು. ಅಪ್ಪಯ್ಯ ಇರುವುದು ತೀರ್ಥಹಳ್ಳಿಯಲ್ಲಿ, ತಂಗಿಯ ಮನೆಯಲ್ಲಿ. ಅವರ ದನಿ ಇರುವುದು ಸಾಗರದಲ್ಲಿ, ನನ್ನ ಮನೆಯಲ್ಲಿ. ನನ್ನದೊಂದು ಸಣ್ಣ ವಿಡಿಯೋ ಸ್ಟುಡಿಯೋ. ಬಿಡುವಾದಾಗಲೆಲ್ಲ ಅಪ್ಪಯ್ಯನ ತಾಳಮದ್ದಳೆಯ ಹಳೆಯ ಕ್ಯಾಸೆಟ್ಟುಗಳನ್ನು ಒಂದೊಂದಾಗಿ ಕಂಪ್ಯೂಟರಿಗೆ ಇಳಿಸಿ, ಜಗಲಿ ಪಕ್ಕದ ಕೋಣೆಯಲ್ಲಿಟ್ಟ ಸರ್ವರ್ ಎಂಬ ಕಪ್ಪು ಪೆಟ್ಟಿಗೆಗೆ ತುಂಬುತ್ತಿದ್ದೆ. ಮನೆಯೊಳಗೆ ಯಾರ ಫೋನಿನಲ್ಲಿ ಬೇಕಾದರೂ ಅದನ್ನು ಕೇಳಬಹುದಿತ್ತು. ತೀರ್ಥಹಳ್ಳಿಯಿಂದಲೂ ಕೇಳುವ ಹಾಗೆ ಮಾಡಿಬಿಟ್ಟರೆ, ಇವತ್ತು ಇಳಿಸಿದ್ದನ್ನು ಅಪ್ಪಯ್ಯ ಇವತ್ತೇ ಕೇಳಬಹುದಲ್ಲ! ಇದೇನು ಮಹಾ ಎಂದುಕೊಂಡೆ. ಸೊಕ್ಕು ನನಗೆ.

ಮೊದಲ ದಿನ ಎಲ್ಲ ಸರಿಯಾಯಿತು ಎಂದು ಕುಣಿದಾಡಿದೆ. ಅಂಗಳದ ತುದಿಗೆ ಹೋಗಿ ಫೋನಿನಲ್ಲಿ ಒತ್ತಿದೆ, ಅಪ್ಪಯ್ಯ ಗುಡುಗಿದರು. ತಂಗಿ ಅಲ್ಲಿಂದ, "ಎಂತದೂ ಬತ್ತಾ ಇಲ್ಲೆ, ಬರೀ ಚಕ್ರ ತಿರಗ್ತಾ ಇದ್ದು" ಎಂದಳು. "ನಿಂಗೆ ಒತ್ತಲೇ ಬರದಿಲ್ಲೆ" ಎಂದು ಬೈದೆ. ಆಮೇಲೆ ಹೊಳೆಯಿತು, ಅಂಗಳದ ತುದಿಗೂ ನಮ್ಮ ಮನೆಯ ವೈಫೈ ಬರುತ್ತದೆ. ಒಳಗೇ ನಿಂತು ಹೊರಗಿನದನ್ನು ಪರೀಕ್ಷೆ ಮಾಡಿದ್ದೆ! ವೈಫೈ ಆರಿಸಿ ನೋಡಿದರೆ ನನಗೂ ಚಕ್ರವೇ.

ಇಂಟರ್ನೆಟ್ ಕೊಡುವವರಿಗೆ ಫೋನ್ ಮಾಡಿದೆ. ನಮ್ಮ ಬೀದಿಯ ಮನೆಗಳಿಗೆಲ್ಲ ಸೇರಿ ಹೊರಗೆ ಒಂದೇ ವಿಳಾಸವಂತೆ, ಬಂದವರಿಗೆ ಯಾರ ಮನೆ ಎಂದೇ ತಿಳಿಯುವುದಿಲ್ಲವಂತೆ. ಕಾಡಿ ಬೇಡಿ ನಮ್ಮದೇ ವಿಳಾಸ ಮಾಡಿಸಿಕೊಂಡೆ. ಇನ್ನು ಉಳಿದದ್ದು ರೌಟರಿನ ಫೈರ್‌ವಾಲ್. ಹೊರಗಿನಿಂದ ಬಂದ ಯಾರನ್ನೂ ಒಳಗೆ ಬಿಡದ ಕಾವಲು ಅದು. ರೌಟರು ಮನೆಯ ಪ್ರತಿ ಪೆಟ್ಟಿಗೆಗೂ ಒಂದೊಂದು ನಂಬರು ಕೊಟ್ಟಿರುತ್ತದೆ. ಸರ್ವರಿನದು ಐದು. "ಇಂಥ ಬಾಗಿಲಿಗೆ ಬಂದವರನ್ನು ಐದನೆಯವರ ಹತ್ತಿರ ಕಳಿಸು" ಎಂದು ಬರೆದು ಒಂದು ಕಿಂಡಿ ತೆಗೆದೆ. ಅಪ್ಪಯ್ಯನಿಗೆ ಪಾಸ್‌ವರ್ಡ್ ಒತ್ತುವುದು ಕಷ್ಟವೆಂದು ಅದನ್ನೂ ಕಿತ್ತು ಬಿಸಾಕಿದೆ. ತಂಗಿಯ ಮನೆಯ ಟ್ಯಾಬಿನಲ್ಲಿ ಒಂದು ಚಿತ್ರ ಒತ್ತಿದರೆ ಸಾಕು, ಅವರ ದನಿ ತೀರ್ಥಹಳ್ಳಿಯಲ್ಲಿ ಮೊಳಗತೊಡಗಿತು. ಅಪ್ಪಯ್ಯ ಬೆನ್ನು ನೆಟ್ಟಗೆ ಮಾಡಿ ಕೂತು, ಟ್ಯಾಬಿನ ಎದುರು ತುಟಿ ಆಡಿಸುತ್ತಿದ್ದಾರೆ ಎಂದು ತಂಗಿ ಹೇಳಿದಾಗ ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ.

ಅತ್ತದ್ದೇ ಬಂತು. ತಿಂಗಳು ಕಳೆಯಿತು, ಎರಡಾಯಿತು, ತುಟಿಯಿಂದ ಒಂದು ಮಾತೂ ಹೊರಬೀಳಲಿಲ್ಲ. ದೊಡ್ಡ ಡಾಕ್ಟರು ನಮ್ಮಿಬ್ಬರನ್ನು ಪಕ್ಕಕ್ಕೆ ಕರೆದು, ಇನ್ನು ಆಸೆ ಇಟ್ಟುಕೊಳ್ಳಬೇಡಿ ಎಂದರು. ಅಪ್ಪಯ್ಯನಿಗೆ ಹೇಳುವುದು ಬೇಡ ಎಂದು ನಾನೂ ತಂಗಿಯೂ ಮಾತಾಡಿಕೊಂಡೆವು. ಕೇಳುವಷ್ಟು ದಿನ ಕೇಳಲಿ.

ಅಷ್ಟರಲ್ಲಿ ಗುಡುಗಿನ ಕಾಲ ಬಂತು. ನಮ್ಮ ಕಡೆ ದೂರದಲ್ಲೆಲ್ಲೋ ಗುಡುಗಿದರೆ ಸಾಕು, ಮನೆಯಲ್ಲಿರುವವರು ಓಡಿ ಹೋಗಿ ಎಲ್ಲ ವೈರು ಕಿತ್ತು ಹಾಕುತ್ತಾರೆ. ನಮ್ಮ ಮನೆಯಲ್ಲಿ ಆ ಕೆಲಸ ಅತ್ತೆಯದು. ಟಿವಿ, ಫ್ರಿಜ್ಜು, ರೌಟರು, ಏನನ್ನೂ ಬಿಡುವುದಿಲ್ಲ.

ಒಂದು ಮಧ್ಯಾಹ್ನ ಹಾಗೇ ಆಯಿತು. ಗುಡುಗಿತು, ನಾಲ್ಕು ಹನಿ ಉದುರಿತು, ಬಿಸಿಲು ಬಂತು, ಅತ್ತೆ ಕಿತ್ತ ವೈರನ್ನೆಲ್ಲ ಮತ್ತೆ ಸಿಕ್ಕಿಸಿದರು. ನಾನೂ ನನ್ನ ಗಂಡನೂ ಜಗಲಿಯಲ್ಲಿ ಚಾ ಕುಡಿಯುತ್ತಿದ್ದೆವು. ಇವರು ಪಾಪ, ಸುಮ್ಮನೆ ಕೇಳಿದರು, "ಇಷ್ಟೆಲ್ಲಾ ತಲೆಬಿಸಿ ಎಂತಕ್ಕೆ? ಪೆನ್‌ಡ್ರೈವಲ್ಲಿ ತುಂಬಿ ಕೊಟ್ರೆ ಆಗ್ತಿಲ್ಯ?"

ನನಗೆ ಎಲ್ಲಿತ್ತೋ ಸಿಟ್ಟು. "ಎಂತಕ್ಕೆ ಕೊಡದು? ಯಾವ್ ಸುಖಕ್ಕೆ? ಅಪ್ಪಯ್ಯಂಗೆ ಇನ್ನು ಮಾತು ಬತ್ತಿಲ್ಲೆ. ಡಾಕ್ಟ್ರು ಹೇಳಿ ಆಗಿದ್ದು. ಕೇಳಸದು ಬರೀ ಸಮಾಧಾನಕ್ಕೆ!" ಎಂದು ಕೈ ಬೀಸಿ ಕೂಗಿದೆ.

ಫೋನ್ ಹೊಡೆದುಕೊಂಡಿತು. ತಂಗಿ. "ಅಕ್ಕಾ, ಮಾತಾಡಡ. ಬಾಯಿ ಮುಚ್ಚು."

"ಎಂತಾತೆ?"

"ನೀ ಕೆಂಪು ಸೀರೆ ಉಟ್ಕಂಡು ಕೈ ಬೀಸದು ಟ್ಯಾಬಲ್ಲಿ ಕಾಣ್ತಾ ಇದ್ದು. ನಿಂಗ ಮಾತಾಡಿದ್ದು ಎಲ್ಲಾ ಕೇಳ್ತಾ ಇದ್ದು. ಅಪ್ಪಯ್ಯನ ಎದುರಿಗೆ ಇದ್ದು ಟ್ಯಾಬು."

ಕೆಳಗೆ ನೋಡಿದೆ. ಕೆಂಪು ಸೀರೆಯೇ. ಮೇಲೆ ನೋಡಿದೆ. ಮಾಡಿನ ಮೂಲೆಯಲ್ಲಿ, ಅಂಗಳದ ಅಡಿಕೆ ಕಳುವಾದ ಮೇಲೆ ಹಾಕಿಸಿದ ಕ್ಯಾಮೆರಾ ನಮ್ಮನ್ನೇ ನೋಡುತ್ತಿತ್ತು. ಅಯ್ಯೋ ದೇವರೇ! ಅಷ್ಟು ದೂರದ ತೀರ್ಥಹಳ್ಳಿಯಲ್ಲಿ ಕೂತ ಅಪ್ಪಯ್ಯನ ಕಿವಿಗೆ ನಾನೇ ಕಾದ ಸೀಸ ಹೊಯ್ದಿದ್ದೆ.

ಒಳಗೆ ಓಡಿ ರೌಟರು ತೆರೆದು ನೋಡಿದೆ. ಐದನೆಯ ನಂಬರಿನಲ್ಲಿ ಕ್ಯಾಮೆರಾದ ಪೆಟ್ಟಿಗೆ ಕೂತಿದೆ, ನನ್ನ ಸರ್ವರು ಆರಕ್ಕೆ ಹೋಗಿದೆ. ಅಪ್ಪಯ್ಯ ಚಿತ್ರ ಒತ್ತಿದಾಗ ಕಿಂಡಿ ಅವರನ್ನು ನೇರ ಕ್ಯಾಮೆರಾಕ್ಕೇ ಕಳಿಸಿತ್ತು. ಅದೂ ಪಾಸ್‌ವರ್ಡ್ ಇಲ್ಲದ ಪೆಟ್ಟಿಗೆಯೇ. ಅತ್ತೆಗೆ ಕ್ಯಾಮೆರಾ ನೋಡಲು ಸುಲಭವಾಗಲಿ ಎಂದು ತೆಗೆಸಿದವಳು ನಾನೇ.

"ಅತ್ತೆ, ವೈರು ಹೆಂಗೆ ಸಿಕ್ಸಿದ್ರಿ?" ಎಂದು ಕಿರುಚಿದೆ.

ಅತ್ತೆ ಗಾಬರಿಯಿಂದ ಬಂದರು. "ಎಲ್ಲಾ ಸರಿಯಾಗೇ ಸಿಕ್ಸಿದ್ದಿ. ದಿನಾ ನಿನ್ ಪೆಟ್ಟಿಗೆ ಮೊದ್ಲು ಸಿಕ್ಸ್ತಿದ್ದಿ. ಇವತ್ತು ಅಂಗಳದ ತುಂಬಾ ಅಡಿಕೆ ಇದ್ದಲೆ. ಕ್ಯಾಮೆರಾದ್ದೇ ಮೊದ್ಲು ಸಿಕ್ಸಿದಿ. ಕದ್ಕಂಡು ಹೋದ್ರೆ ಯಾರು ಹೊಣೆ?"

ಮೊದಲು ಎದ್ದವನಿಗೆ ಮೊದಲ ನಂಬರು. ರೌಟರಿನ ಲೆಕ್ಕ ಅಷ್ಟೇ. ಐದು ಸರ್ವರಿಗೇ ಮೀಸಲು ಎಂದು ಒಂದು ಸಾಲು ನಾನು ಬರೆದಿಡಬೇಕಿತ್ತು. ಅತ್ತೆಯನ್ನು ಬೈಯಲು ಬಾಯಿ ಬರಲಿಲ್ಲ. ಕಿಂಡಿ ಮುಚ್ಚಿ ಕಾರು ಹತ್ತಿದೆವು. ಹೊಸನಗರ ದಾಟಿದ ಮೇಲೆ ಇವರು, "ಎಂತ ಹೇಳ್ತೆ ಅಪ್ಪಯ್ಯಂಗೆ?" ಎಂದರು. ಗೊತ್ತಿಲ್ಲ ಎಂದೆ. ಡಾಕ್ಟರು ಹಾಗೆ ಹೇಳಿಲ್ಲ ಎನ್ನಬೇಕು, ಅಥವಾ ಬೇರೆ ಯಾರದೋ ವಿಷಯ ಅದು ಎನ್ನಬೇಕು. ಅಪ್ಪಯ್ಯನ ಎದುರು ನಿಲ್ಲುವ ಸುಳ್ಳು ಒಂದೂ ಹುಟ್ಟಲಿಲ್ಲ.

ತಂಗಿ ಗೇಟಿನ ಹತ್ತಿರವೇ ನಿಂತಿದ್ದಳು, ಅತ್ತು ಮುಖ ಊದಿತ್ತು. ಅಪ್ಪಯ್ಯ ಜಗಲಿಯಲ್ಲಿ ಚಾಪೆಯ ಮೇಲೆ ಕೂತಿದ್ದರು. ಟ್ಯಾಬನ್ನು ಮಗುಚಿ ಇಟ್ಟಿದ್ದರು. ಕಾಲು ಮುಟ್ಟಲು ಬಗ್ಗಿದೆ. ಕೈ ಅಡ್ಡ ಹಿಡಿದು ತಡೆದರು. ಮುಖ ಕೆಂಪಾಗಿತ್ತು, ಕತ್ತಿನ ನರ ಉಬ್ಬಿತ್ತು. ಮತ್ತೆ ಏನಾದರೂ ಆಯಿತೋ ಎಂದು ನಾನು ಹೆದರಿ ಅವರ ಭುಜ ಹಿಡಿದೆ.

"ಯಾ..." ಎಂದರು. "ಯಾ... ಯಾರು..."

ತಂಗಿ ಬಾಯಿಗೆ ಸೆರಗು ಒತ್ತಿಕೊಂಡಳು.

"ಯಾರು... ಹೇ... ಹೇಳಿದ್ದು?"

ಒಡೆದ ದನಿ, ಅರ್ಧ ಗಾಳಿ, ಆದರೂ ಅದು ಮಾತು! ತಂಗಿ "ಅಪ್ಪಯ್ಯಾ!" ಎಂದು ಓಡಿ ಬಂದು ತಬ್ಬಿಕೊಂಡಳು. ಅವರು ಅವಳತ್ತ ನೋಡಲೂ ಇಲ್ಲ. ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದರು. ಕೇಳಿದ್ದಕ್ಕೆ ಉತ್ತರ ಬೇಕಿತ್ತು ಅವರಿಗೆ.

"ನಾನೇ ಹೇಳಿದ್ದು" ಎಂದೆ.

ಅಪ್ಪಯ್ಯ ಕೈಯೆತ್ತಿ ಚಾಪೆಯ ಆ ತುದಿಯನ್ನು ತೋರಿಸಿದರು. ತಾಳಮದ್ದಳೆಯಲ್ಲಿ ಎದುರಾಳಿ ಕೂರುವ ಜಾಗ ಅದು. ಹುಟ್ಟಿದಾರಭ್ಯ ನನ್ನನ್ನು ಅವರು ಅಲ್ಲಿ ಕೂರಿಸಿದವರಲ್ಲ. ಹೋಗಿ ಕೂತೆ. ಅಳು ಒತ್ತರಿಸಿ ಬರುತ್ತಿತ್ತು. ಅದನ್ನು ನುಂಗಿ, ಅವರ ಕಣ್ಣಿಗೆ ಕಣ್ಣಿಟ್ಟು, ಆದಷ್ಟು ಗಟ್ಟಿಯಾಗಿ ಅಂದೆ:

"ಈಗ್ಲೂ ಹೇಳ್ತಿ. ನಿಂಗೆ ಮಾತು ಬತ್ತಿಲ್ಲೆ."

ಅಪ್ಪಯ್ಯ ಉಸಿರೆಳೆದುಕೊಂಡು ಬಾಯಿ ತೆರೆದರು.