ಹಿಂದಕ್ಕೆ ಸರಿಯುವ ಹಾಡು

ರಾಯಚೂರಿನ ನಮ್ಮ ಚರ್ಚಿನಲ್ಲಿ ಈಗ ಎಲ್ಲರ ಬಾಯಲ್ಲೂ ಒಂದೇ ಆರಾಧನೆ ಹಾಡು: ‘ನಾ ಹಿಂದಕ ಸರಿದಂಗ ಕರ್ತನೇ, ನನ್ನ ಮುಂದೆಲ್ಲ ಹಸುರು’. ಅದನ್ನು ಕಟ್ಟಿದ ಎಸ್ತೇರವ್ವನ ಸಾಕ್ಷಿಯನ್ನು, ಅಂದರೆ ದೇವರು ಕಷ್ಟದಲ್ಲಿ ಕೈಹಿಡಿದ ಕಥೆಯನ್ನು, ಅವಳ ಬಾಯಿಂದಲೇ ವಿಡಿಯೊ ಮಾಡಲು ಮಾನ್ವಿ ಹತ್ತಿರದ ಗದ್ದೆಗೆ ಹೋದೆ.

“ಯಾವ ಕಷ್ಟದಾಗ ಈ ಹಾಡು ಬಂತು, ಯವ್ವಾ?”

“ಕಷ್ಟ ಏನಿಲ್ರಿ. ಭತ್ತ ಹಚ್ಚುವಾಗ ಬಂತು,” ಎಂದಳು, ನಾಟಿ ಮಾಡುವ ಹೆಂಗಸರ ಸಾಲಿನಲ್ಲಿ ಬಗ್ಗಿದ ತಲೆ ಎತ್ತದೆ.

“ಕಾಯಿಲೆ? ಕನಸು?”

“ಭತ್ತ ಹಚ್ಚಾಕತ್ತಿದ್ವಿ, ಅಷ್ಟ ರೀ.”

ಸಾಕ್ಷಿ ಅಂದಮೇಲೆ ಒಂದು ಹನಿ ಕಣ್ಣೀರಾದರೂ ಬೇಡವೇ? ತಲೆ ಕೆಟ್ಟುಹೋಯಿತು. ಮುಖವನ್ನಾದರೂ ಹತ್ತಿರದಿಂದ ಹಿಡಿಯೋಣವೆಂದು ಮೊಬೈಲ್ ಎತ್ತಿಕೊಂಡು ಬದುವಿನಿಂದ ಗದ್ದೆಗಿಳಿದೆ.

“ಯಪ್ಪಾ, ಹಚ್ಚಿದ ಸಸಿ ತುಳಿಯಾಕತ್ತೀರಿ! ಹಿಂದಕ ಸರೀರಿ!”

ಸರಿದೆ. ಸಸಿ ಊರುತ್ತಾ ಹೆಂಗಸರ ಸಾಲೂ ಹಿಂದಕ್ಕೆ ಸರಿಯುತ್ತಿತ್ತು. ಅವರ ಮುಂದೆಲ್ಲ ಹಸಿರು. ನನ್ನ ಮುಂದೆ ಮಾತ್ರ ನಾನೇ ತುಳಿದ ಎಂಟು ಸಸಿ.