ತಂಗಿ ಹುಬ್ಬೇರಿಸಿದಳು, ನಾನು ಬಾಯಿ ಮುಚ್ಚಿದೆ

ಎರಡು ವರ್ಷದ ಹಿಂದಿನ ಡಿಸೆಂಬರ್ ರಜೆಯಲ್ಲಿ ನಡೆದದ್ದು ಇದು. ಅಬುಧಾಬಿಯ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿರುವ ನಮ್ಮ ಮನೆಯ ಹಾಲಿನಲ್ಲಿ, ಹೆಚ್ಚೆಂದರೆ ಹತ್ತು ನಿಮಿಷದಲ್ಲಿ ಎಲ್ಲ ಮುಗಿದುಹೋಯಿತು. ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಮೊದಮೊದಲು ಆ ಉರಿ ಪೂರ್ತಿ ಬೇರೆಯವರ ಮೇಲಿತ್ತು.

ನಾನು ಓದಿದ್ದು ಏಳನೇ ಕ್ಲಾಸು. ಕುಂದಾಪುರದ ಕಡೆಯವಳು. ಅಮ್ಮ ಗೇರುಬೀಜದ ಕಾರ್ಖಾನೆಗೆ ಹೋಗುತ್ತಿದ್ದಳು, ತಂಗಿ ರೇವತಿ ನನಗಿಂತ ಹತ್ತು ವರ್ಷ ಚಿಕ್ಕವಳು. ಅವಳನ್ನು ನೋಡಿಕೊಳ್ಳಲು ಮನೆಯಲ್ಲಿ ಒಬ್ಬರು ಬೇಕಿತ್ತು, ನಾನು ಶಾಲೆ ಬಿಟ್ಟೆ. ನನ್ನ ಸೊಂಟದ ಮೇಲೆ ಕೂತು ಬೆಳೆದವಳು ಓದಿ ಓದಿ ಟೀಚರಾದಳು, ಕೆನಡಾಕ್ಕೆ ಹೋದಳು. ನಾನು ಮದುವೆಯಾಗಿ ಇಲ್ಲಿಗೆ ಬಂದೆ. ನನ್ನ ಗಂಡನಿಗೆ ಎಲೆಕ್ಟ್ರಾ ಸ್ಟ್ರೀಟಿನಲ್ಲಿ ಮೊಬೈಲ್ ರಿಪೇರಿಯ ಸಣ್ಣ ಅಂಗಡಿ ಇದೆ.

ಕೆನಡಾ ಅಂದ ಕೂಡಲೇ ಎಲ್ಲರೂ ದೊಡ್ಡ ಪೇಟೆ, ಕಾರು, ಬಂಗಲೆ ಅಂದುಕೊಳ್ಳುತ್ತಾರೆ. ರೇವತಿ ಇರುವುದು ಆ ದೇಶದ ತೀರಾ ಉತ್ತರದ ತುದಿಯ ಒಂದು ಹಳ್ಳಿಯಲ್ಲಿ. ಅಲ್ಲಿಗೆ ರಸ್ತೆಯೇ ಇಲ್ಲ. ಚಳಿಗಾಲದಲ್ಲಿ ಸಮುದ್ರ ಹೆಪ್ಪುಗಟ್ಟುತ್ತದೆ, ಹಡಗೂ ಇಲ್ಲ. ಜನ, ಹಾಲು, ತರಕಾರಿ, ಔಷಧಿ ಎಲ್ಲ ಬರುವುದು ಒಂದು ಸಣ್ಣ ವಿಮಾನದಲ್ಲಿ. ಹವೆ ಕೆಟ್ಟರೆ ಅದೂ ಇಲ್ಲ. ಒಮ್ಮೆ ಒಂಬತ್ತು ದಿನ ವಿಮಾನ ಬರದೆ, ಅಂಗಡಿಯಲ್ಲಿ ಕೆಚಪ್ ಬಾಟಲಿ ಮಾತ್ರ ಉಳಿದಿತ್ತಂತೆ. ಅವಳ ಕ್ಲಾಸಿನ ಮಕ್ಕಳ ಮನೆಯವರೇ ಹಿಡಿದ ಮೀನು ತಂದುಕೊಟ್ಟು ಟೀಚರನ್ನು ಸಾಕಿದರಂತೆ. ನವೆಂಬರಿನಲ್ಲಿ ಮುಳುಗಿದ ಸೂರ್ಯ ಮತ್ತೆ ಮುಖ ತೋರಿಸುವುದು ಜನವರಿ ಕೊನೆಗೆ. ಮಧ್ಯಾಹ್ನ ಹನ್ನೆರಡಕ್ಕೂ ಕತ್ತಲೆ.

ಇದೆಲ್ಲ ಅವಳು ಫೋನಿನಲ್ಲಿ ಹೇಳುತ್ತಿದ್ದಳು. ನಾನು ಒಗ್ಗರಣೆ ಹಾಕುತ್ತಾ ಕೇಳುತ್ತಿದ್ದೆ.

ಒಂದು ದಿನ ಹೇಳಿದಳು: "ಅಕ್ಕ, ಇಲ್ಲಿನ್ ಮಕ್ಳ್ ಬಾಯ್ ಬಿಟ್ಟ್ ಹೌದ್ ಅಂಬುದಿಲ್ಲೆ ಕಾಣ್. ಹೌದ್ ಅಂದ್ರೆ ಹುಬ್ಬ್ ಮೇಲ್ ಮಾಡ್ತೋ. ಇಲ್ಲ ಅಂದ್ರೆ ಮೂಗ್ ಸುಕ್ಕ್ ಮಾಡ್ತೋ. ಮೊದ್ಲ್ ವಾರ 'ಅರ್ಥ ಆಯ್ತಾ' ಅಂದ್ರೆ ಎಲ್ರೂ ಹುಬ್ಬ್ ಹಾರ್ಸಿದ್ದೇ. ನಂಗೆ ಸಿಟ್ಟ್ ಬಂದ್ ಬೈದೆ. ಪಾಪ, ಅವು ಮತ್ತೂ ಹುಬ್ಬ್ ಹಾರ್ಸ್ದೊ."

"ನಿಂಗೆ ಬೇರೆ ಕೆಲ್ಸ ಇಲ್ಯಾ ಮಾರಾಯ್ತಿ" ಅಂದೆ ನಾನು.

"ಈಗ ನಂಗೂ ಅದೇ ಅಭ್ಯಾಸ ಆಯ್ತ್" ಎಂದು ನಕ್ಕಳು.

ಆ ವರ್ಷ ಅವಳಿಗೆ ಒಂದು ಸಂಬಂಧ ಕೂಡಿ ಬಂತು. ಹುಡುಗ ಇಲ್ಲಿಂದ ಕಾರಿನಲ್ಲಿ ಎರಡು ಗಂಟೆಗೂ ಹೆಚ್ಚು ದೂರದ ರುವೈಸಿನ ಕಂಪನಿಯಲ್ಲಿ ಟೆಕ್ನಿಷಿಯನ್. ನಾನೇ ತೋರಿಸಿದ್ದು. ಐದಾರು ಸಲ ಇಬ್ಬರೂ ಫೋನಿನಲ್ಲಿ ಮಾತಾಡಿದ್ದರು. ಮೂವತ್ತು ದಾಟಿದ ತಂಗಿ, ಯಾವ ಹುಡುಗನ ಸುದ್ದಿ ತೆಗೆದರೂ ಮಾತು ತಿರುಗಿಸುತ್ತಿದ್ದವಳು, ಈ ಸಲ "ಒಳ್ಳೆ ಮನ್ಷ ಅಕ್ಕ, ನಾ ಹೇಳುದ್ ಪೂರಾ ಕೇಂತ್ರ್" ಅಂದಳು. ಅಷ್ಟು ಹೇಳಿದಳೆಂದರೆ ಅವಳ ಮನಸ್ಸು ಎಷ್ಟು ಒಪ್ಪಿದೆ ಎಂದು ನನಗೆ ತಿಳಿಯದೇ?

ಹುಡುಗನ ತಾಯಿ ವಿಸಿಟ್ ವೀಸಾದಲ್ಲಿ ಬಂದಿದ್ದರು. ಅವರು ಊರಿಗೆ ಹಿಂದಿರುಗುವ ಮೊದಲು, ಒಂದು ಶನಿವಾರ, ನಮ್ಮ ಮನೆಯಲ್ಲಿ ಹುಡುಗಿ ನೋಡುವುದೆಂದು ನಿಶ್ಚಯವಾಯಿತು. ಹುಡುಗನ ಶಿಫ್ಟು, ತಾಯಿಯ ವೀಸಾ, ರೇವತಿಯ ಶಾಲೆಯ ರಜೆ ಮೂರೂ ಕೂಡುವ ದಿನ ಅದೊಂದೇ ಇತ್ತು. ರೇವತಿ ಎರಡು ದಿನ ಮುಂಚೆಯೇ ತಲುಪುವ ಹಾಗೆ ಟಿಕೆಟ್ ಮಾಡಿದ್ದಳು.

ಮಂಗಳವಾರ ಫೋನ್ ಬಂತು. "ಅಕ್ಕ, ಪ್ಲೇನ್ ಬಂತ್. ಮೇಲೆ ಎರಡ್ ಸುತ್ತ್ ಹಾಕಿ ವಾಪಸ್ ಹೋಯ್ತ್. ಸದ್ದ್ ಕೇಂತಿತ್ತ್, ಗಾಳಿಗೆ ಇಳೂಕ್ ಆಯ್ಲಿಲ್ಲ."

ಗುರುವಾರ ಮತ್ತೆ ಹಾಗೆಯೇ. ಶುಕ್ರವಾರ ಅವಳ ಹಳ್ಳಿಯಲ್ಲಿ ಗಾಳಿ ನಿಂತಿತು, ಆದರೆ ವಿಮಾನ ಹೊರಡಬೇಕಾದ ಊರಿನಲ್ಲಿ ಹಿಮಗಾಳಿ ಎದ್ದಿತು. ಎರಡೂ ಕಡೆ ಹವೆ ಸರಿಯಿದ್ದರೆ ಮಾತ್ರ ಹಾರಾಟವಂತೆ. ನನಗೆ ಸಿಟ್ಟು ನೆತ್ತಿಗೇರಿತು. ಇಲ್ಲಿಂದ ಮಂಗಳೂರಿಗೆ ಬಸ್ಸಿನ ಹಾಗೆ ವಿಮಾನ ಹೋಗುತ್ತದೆ. ಚಳಿಗಾಲದ ಬೆಳಿಗ್ಗೆ ಮಂಜು ಬಿದ್ದರೆ ಎರಡು ಗಂಟೆ ತಡವಾದೀತು, ಅಷ್ಟೇ. ನಾಲ್ಕು ದಿನ ವಿಮಾನ ಬರುವುದಿಲ್ಲ ಅಂದರೆ ಏನರ್ಥ?

ಶನಿವಾರ ಸಂಜೆ ಅವರು ಬಂದೇಬಿಟ್ಟರು. ಹುಡುಗ, ಅವನ ತಾಯಿ, ಮತ್ತೆ ದುಬೈಯಲ್ಲಿರುವ ಅವನ ಸೋದರಮಾವ. ಹುಡುಗಿ ಇಲ್ಲದಿದ್ದರೂ ಊಟಕ್ಕೆ ಬನ್ನಿ, ವಿಡಿಯೋದಲ್ಲಿ ಮಾತಾಡಿಸುವ ಎಂದು ನನ್ನ ಗಂಡನೇ ಕರೆದಿದ್ದರು. ಕೋಳಿಸಾರು, ಕಡುಬು ಎಲ್ಲ ಮಾಡಿದ್ದೆ.

ಆ ಸೋದರಮಾವನನ್ನು ನೆನೆದರೆ ಈಗಲೂ ಹಲ್ಲು ಕಡಿಯುವಂತಾಗುತ್ತದೆ. ಕೂತ ಕೂಡಲೇ ಶುರು ಮಾಡಿದರು. "ನಾನು ಇಪ್ಪತ್ತು ವರ್ಷದಿಂದ ಕಾರ್ಗೋ ಲೈನಲ್ಲಿದ್ದೇನೆ ಮಾರಾಯ್ರೆ. ಪ್ಲೇನಿನ ಕತೆ ನನಗೆ ಹೇಳ್ಬೇಡಿ." ಫೋನು ತೆಗೆದು ಟೊರೊಂಟೊ ವಿಮಾನ ನಿಲ್ದಾಣದ ಪಟ್ಟಿ ತೋರಿಸಿದರು. "ನೋಡಿ, ಹಸಿರು, ಹಸಿರು, ಹಸಿರು. ಎಲ್ಲ ಟೈಮಿಗೆ ಹೊರಟಿದೆ. ನಿಮ್ಮ ತಂಗಿಯ ಪ್ಲೇನು ಮಾತ್ರ ಎಲ್ಲಿ ಅಂಗಡಿಗೆ ಹೋದದ್ದು?"

ಎಲ್ಲರೂ ನಕ್ಕರು. ನನ್ನ ಗಂಡನೂ ನಕ್ಕರು. ಅವಳಿರುವ ಜಾಗದಿಂದ ಟೊರೊಂಟೊಗೆ ಬರಲು ಮೂರು ವಿಮಾನ ಬದಲಾಯಿಸಬೇಕು ಎಂದು ನನಗೆ ಗೊತ್ತಿತ್ತು. ನಾನು ಕಡುಬು ಬಡಿಸಿದೆ.

ಊಟವಾದ ಮೇಲೆ ನನ್ನ ಮಗಳು ಶ್ರಾವ್ಯ ವಿಡಿಯೋ ಕಾಲನ್ನು ಟಿವಿಗೆ ಹಾಕಿದಳು. ರೇವತಿ ಕಾಣಿಸಿದಳು. ದಪ್ಪ ಕೋಟು, ಕೆದರಿದ ಕೂದಲು, ಬಾಡಿದ ಮುಖ. ಒಂದು ಸಣ್ಣ ಕೋಣೆ, ಪಕ್ಕದಲ್ಲಿ ಪೆಟ್ಟಿಗೆ. ಅದೇ ಅವರ ವಿಮಾನ ನಿಲ್ದಾಣ. ಇವತ್ತಾದರೂ ಬಂದೀತೆಂದು ಬೆಳಿಗ್ಗೆಯಿಂದ ಅಲ್ಲೇ ಕೂತಿದ್ದಳು. ಹಿಂದಿನ ಕಿಟಕಿ ಕಪ್ಪಗಿತ್ತು.

"ಇದು ಏರ್‌ಪೋರ್ಟಾ?" ಅಂದರು ಮಾವ. "ನಮ್ಮ ಕಾಪು ಬಸ್‌ಸ್ಟ್ಯಾಂಡ್ ಇದಕ್ಕಿಂತ ದೊಡ್ಡದುಂಟಲ್ಲ. ಅಲ್ಲಿ ಈಗ ಗಂಟೆ ಎಷ್ಟು ಮಗಾ?"

"ಆಲ್ಮೋಸ್ಟ್ ನೂನ್, ಅಂಕಲ್" ಅಂದಳು ಶ್ರಾವ್ಯ.

"ನೂನಾ! ಮತ್ತೆ ಕಿಟಕಿ ಹೊರಗೆ ಕತ್ತಲೆ ಯಾಕೆ? ನಿಜಕ್ಕೂ ಎಲ್ಲಿದ್ದಾಳೆ ಇವಳು?"

ಶ್ರಾವ್ಯ ಬಾಯಿ ತೆರೆದಳು. "ನೋ, ಆಕ್ಚುಲಿ ಚಿಕ್ಕಮ್ಮ ಟೋಲ್ಡ್ ಅಸ್..."

"ದೊಡ್ಡವ್ರ್ ಮಾತಾಡುವಾಗ ನೀನ್ ಸುಮ್ನಿರ್" ಎಂದು ನಾನು ಗದರಿದೆ.

ಯಾಕೆ ಗದರಿದೆ? ಅಲ್ಲಿ ಎರಡೂವರೆ ತಿಂಗಳು ಸೂರ್ಯನಿಲ್ಲ ಎಂದು ಹೇಳಲು ನನಗೆ ನಾಚಿಕೆಯಾಯಿತು. ಹೇಳಿದರೆ ಆ ಮನುಷ್ಯ ಮತ್ತೂ ನಗುತ್ತಾನೆ, ಏಳನೇ ಕ್ಲಾಸಿನವಳು ಏನೋ ಹೇಳುತ್ತಾಳೆ ಅಂದುಕೊಳ್ಳುತ್ತಾನೆ ಅನ್ನಿಸಿತು. ಹುಡುಗನಿಗೂ ಕತ್ತಲೆಯ ವಿಷಯ ಗೊತ್ತಿದ್ದಿರಬೇಕು. ಫೋನಿನಲ್ಲಿ ಅವಳು ಹೇಳದೆ ಇರುತ್ತಾಳೆಯೇ? ಆದರೆ ಸೋದರಮಾವನ ಎದುರು ಅವನೂ ಕಾರ್ಪೆಟ್ ನೋಡುತ್ತಾ ಕೂತ.

ಅಷ್ಟರಲ್ಲಿ ರೇವತಿಯ ದನಿ ಕಡಿದು ಕಡಿದು ಬರತೊಡಗಿತು. ಅರ್ಧ ಮಾತು ಬರುತ್ತದೆ, ಅರ್ಧ ಇಲ್ಲ. ಮಾವ ಟಿವಿಯ ಹತ್ತಿರ ಹೋಗಿ, ಕಿವುಡರಿಗೆ ಹೇಳುವ ಹಾಗೆ ಕೂಗಿದರು. "ಕೇಳ್ತದಾ? ನಿಮಗೆ ಈ ಸಂಬಂಧಕ್ಕೆ ಮನಸ್ಸುಂಟಾ ಇಲ್ವಾ? ಒಂದೇ ಮಾತು ಹೇಳಿ, ಖಲಾಸ್!"

ಮಾತು ಅವಳನ್ನು ಮುಟ್ಟಲು ಸ್ವಲ್ಪ ಹೊತ್ತು ಹಿಡಿಯಿತು. ಮುಟ್ಟಿದಾಗ, ಆ ಬಾಡಿದ ಮುಖ ಅರಳಿದ್ದನ್ನು ನಾನು ಕಂಡೆ. ದನಿ ಹೋಗುವುದಿಲ್ಲವೆಂದು ಅವಳಿಗೂ ಗೊತ್ತಾಗಿತ್ತೋ ಏನೋ, ನಮ್ಮನ್ನೇ ನೇರವಾಗಿ ನೋಡಿ ಎರಡೂ ಹುಬ್ಬು ಮೇಲೆತ್ತಿದಳು. ಇನ್ನೊಮ್ಮೆ ಎತ್ತಿದಳು. ಅಲ್ಲಿಗೆ ಚಿತ್ರ ನಿಂತುಹೋಯಿತು. ಐವತ್ತೈದು ಇಂಚಿನ ಟಿವಿಯ ತುಂಬ ನನ್ನ ತಂಗಿ, ಹುಬ್ಬು ಹಣೆಗೇರಿಸಿಕೊಂಡು.

"ಅಯ್ಯಯ್ಯ, ಹುಬ್ಬು ಹಾರಿಸ್ತಾಳಲ್ಲ!" ಅಂದರು ಹುಡುಗನ ತಾಯಿ. "ಏನೀಗ, ಅಂತ ಕೇಳಿದ ಹಾಗೆ."

"ಇದಕ್ಕೇ ನೋಡಿ ಪ್ಲೇನ್ ಬಾರದ್ದು" ಅಂದರು ಮಾವ. "ಮನಸ್ಸಿಲ್ಲದವಳಿಗೆ ಯಾವ ಪ್ಲೇನೂ ಬರುವುದಿಲ್ಲ."

ಹುಡುಗ ತಲೆ ಎತ್ತಿದ. ಟಿವಿ ನೋಡಲಿಲ್ಲ, ನನ್ನನ್ನು ನೋಡಿದ. ಅಕ್ಕ ಏನಾದರೂ ಹೇಳುತ್ತಾಳೆಯೇ ಎಂದು ಕಾದ. ಅಷ್ಟು ಸ್ಪಷ್ಟವಾಗಿ ಕಾಯುತ್ತಿದ್ದ.

"ನಿಮ್ಮ ತಂಗಿ ಯಾವಾಗಲೂ ಹೀಗೆಯಾ?" ತಾಯಿ ನನ್ನನ್ನು ಕೇಳಿದರು.

"ನಂಗೆಂತ ಗೊತ್ತಿಲ್ಲೆ" ಅಂದೆ. "ಓದಿದವ್ರ್ ಅಲ್ದಾ, ನಮ್ಗ್ ಅರ್ಥ ಆತಿಲ್ಲೆ."

ಹಾಗೆಂದೆ. ಬಾಯಿ ತಪ್ಪಿ ಬಂದ ಮಾತಲ್ಲ. ಐದು ದಿನದ ಸಿಟ್ಟಿತ್ತು, ನಿಜ. ಅದರ ಕೆಳಗೆ ಇನ್ನೊಂದಿತ್ತು. ಎಲ್ಲದರಲ್ಲೂ ಗೆದ್ದವಳು, ನನ್ನ ಪಾಟಿಚೀಲ ಹೊತ್ತುಕೊಂಡು ಶಾಲೆಗೆ ಹೋದವಳು, ಒಮ್ಮೆ ನಾಲ್ಕು ಜನರೆದುರು ಸಣ್ಣವಳಾಗುತ್ತಿದ್ದಾಳೆ ಎಂದು ಒಳಗೊಳಗೇ ಒಂದು ಗಳಿಗೆ ಹಿತವಾಯಿತು. ಅದೇ ನಿಜ.

ಅವರು ಬೇಗ ಹೊರಟರು. ಮರುದಿನ ಮಾವನ ಫೋನು ಬಂತು. "ಆಗುವುದಿಲ್ಲ ಮಾರಾಯ್ರೆ, ಬೇಸರ ಮಾಡ್ಬೇಡಿ."

ರೇವತಿಗೆ ಸೋಮವಾರ ವಿಮಾನ ಸಿಕ್ಕಿತು. ಬುಧವಾರ ಅಬುಧಾಬಿಗೆ ಬಂದಿಳಿದಳು. ಪೆಟ್ಟಿಗೆ ಎಲ್ಲೋ ಉಳಿದಿತ್ತು, ಒಂದು ಕೈಚೀಲ ಮಾತ್ರ. ಅದರಲ್ಲಿ ಮಡಿಸಿಟ್ಟ ಒಂದು ರೇಷ್ಮೆ ಸೀರೆ. ಶ್ರಾವ್ಯ ಅವಳನ್ನು ಅಪ್ಪಿಕೊಂಡು, ನಾನು ಅಡುಗೆಮನೆಯಲ್ಲಿದ್ದಾಗ ಎಲ್ಲ ಹೇಳಿಬಿಟ್ಟಳು. "ಅಮ್ಮ ಡಿಡ್‌ನ್ಟ್ ಸೇ ಎನಿಥಿಂಗ್" ಅಂದದ್ದು ನನಗೂ ಕೇಳಿಸಿತು.

ರೇವತಿ ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. "ಅಕ್ಕ, ಹುಬ್ಬಿಂದ್ ನಾ ನಿಂಗ್ ಹೇಳಿದ್ದೆ ಅಲ್ದಾ?"

"ಹೇಳಿದ್ಯೋ ಏನೋ. ಆ ಹೊತ್ತಿಗೆ ನೆನಪಾಯ್ಲಿಲ್ಲ ಹೆಣ್ಣೆ" ಅಂದೆ.

ಅವಳು ನಂಬಿದಳು. ನನ್ನ ಬೆನ್ನು ಸವರಿ, "ಇರ್ಲಿ ಬಿಡ್, ನಿಂಗೆ ನೂರ್ ಕೆಲ್ಸ. ಬೇಡ ಅಂದವ್ರಿಗೆ ನಾ ಮತ್ತೆ ಫೋನ್ ಮಾಡುದಿಲ್ಲೆ" ಅಂದಳು. ಹತ್ತು ದಿನ ಇದ್ದು ಹೋದಳು. ಆ ಸೀರೆಯನ್ನು ನನಗೇ ಕೊಟ್ಟು ಹೋದಳು. ನಾನು ಅದನ್ನು ಉಟ್ಟಿಲ್ಲ.

ಆಮೇಲೆ ತಿಂಗಳುಗಟ್ಟಲೆ ಸಿಕ್ಕವರೆಲ್ಲರ ಎದುರು ನಾನು ಆ ಮಾವನನ್ನು ಬೈದೆ. ಕಾರ್ಗೋ ಲೈನಂತೆ, ಸೂರ್ಯ ಎಲ್ಲಿ ಹುಟ್ಟುತ್ತಾನೆ, ಎಲ್ಲಿ ಹುಟ್ಟುವುದಿಲ್ಲ ಎಂದು ಗೊತ್ತಿಲ್ಲದ ಮನುಷ್ಯ ಎಂದೆ. ಬೆನ್ನುಮೂಳೆ ಇಲ್ಲದ ಹುಡುಗ ಎಂದೆ. ಆ ಚಳಿಯಲ್ಲಿ, ಆ ಕತ್ತಲೆಯಲ್ಲಿ ಬೇರೆಯವರ ಮಕ್ಕಳಿಗೆ ಅಕ್ಷರ ಕಲಿಸುವವಳ ಮೇಲೆ ಸುಳ್ಳುಗಾತಿ ಎಂಬ ಹೆಸರು ಹಾಕಿದರಲ್ಲ ಎಂದೆ. ಎಲ್ಲರೂ ಹೌದು ಹೌದು ಎಂದರು.

ಹೋದ ನವೆಂಬರಿನಲ್ಲಿ ದುಬೈಯ ಕನ್ನಡ ರಾಜ್ಯೋತ್ಸವದ ಊಟದ ಸಾಲಿನಲ್ಲಿ, ಮತ್ತೆ ವಿಸಿಟ್ ವೀಸಾದಲ್ಲಿ ಬಂದಿದ್ದ ಹುಡುಗನ ತಾಯಿ ಸಿಕ್ಕಿದರು. ಮಗನಿಗೆ ಮದುವೆಯಾಗಿದೆ, ಸೊಸೆ ಒಳ್ಳೆಯವಳು ಎಂದರು. ಮತ್ತೆ ನಗುತ್ತಾ ಕೇಳಿದರು, "ನಿಮ್ಮ ಹುಬ್ಬು ಹಾರಿಸುವ ತಂಗಿ ಹೇಗಿದ್ದಾಳೆ?"

ನನಗೆ ತಡೆಯಲಾಗಲಿಲ್ಲ. ತಟ್ಟೆ ಹಿಡಿದುಕೊಂಡೇ, ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡುವ ಹಾಗೆ ಹೇಳಿದೆ. ಅಲ್ಲಿ ಹುಬ್ಬೇರಿಸಿದರೆ ಹೌದು ಅಂತ ಅರ್ಥ. ಅವಳು ನಿಮ್ಮ ಮಗನಿಗೆ ಹೌದು ಅಂದಳು. ಎರಡು ಸಲ ಅಂದಳು. ಅಲ್ಲಿ ಹಗಲೂ ಕತ್ತಲೆ, ವಿಮಾನ ನಿಜವಾಗಿಯೂ ಬಂದಿರಲಿಲ್ಲ. ನಿಮಗೆ ಯಾರಿಗೂ ಕೇಳುವ ತಾಳ್ಮೆ ಇರಲಿಲ್ಲ!

ಅವರ ನಗು ನಿಂತಿತು.

"ಕೇಳಿದೆನಲ್ಲ" ಅಂದರು ಮೆಲ್ಲಗೆ. "ನಿಮ್ಮನ್ನೇ ಕೇಳಿದೆ. ಆವತ್ತೇ ಇದನ್ನು ಹೇಳಬಾರದಿತ್ತಾ? ನನ್ನ ಮಗ ಆ ರಾತ್ರಿ ರುವೈಸಿನವರೆಗೂ ಒಂದು ಮಾತು ಆಡಲಿಲ್ಲ."

ಸಾಲು ಮುಂದೆ ಹೋಯಿತು. ನಾನು ಖಾಲಿ ತಟ್ಟೆಯನ್ನು ಮತ್ತೆ ಜಾಗದಲ್ಲಿಟ್ಟು ಹೊರಗೆ ಬಂದೆ.

ಅವರ ಮೇಲಿನ ಸಿಟ್ಟು ಇನ್ನೂ ಪೂರ್ತಿ ಹೋಗಿಲ್ಲ, ಸುಳ್ಳು ಹೇಳುವುದಿಲ್ಲ. ಆದರೆ ಹುಬ್ಬಿನ ಅರ್ಥ ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದವಳು ನಾನೊಬ್ಬಳೇ. ರೇವತಿ ಈಗಲೂ ಆ ಹಳ್ಳಿಯಲ್ಲೇ ಪಾಠ ಮಾಡುತ್ತಿದ್ದಾಳೆ. ಮದುವೆಯ ಮಾತು ತೆಗೆಯಬೇಡ ಎಂದಿದ್ದಾಳೆ. ವಾರಕ್ಕೊಮ್ಮೆ ಫೋನು ಮಾಡುತ್ತಾಳೆ. ನಾನು ಒಲೆ ಆರಿಸಿ ಕೂತು ಕೇಳುತ್ತೇನೆ. ಪ್ರತಿ ಸಲವೂ ಹೇಳಬೇಕೆಂದುಕೊಂಡು ಹೇಳಲಾಗದೆ ಫೋನಿಡುತ್ತೇನೆ. ಇದು ಅಚ್ಚಾದರೆ ಈ ಪುಟದ ಫೋಟೋವನ್ನು ಅವಳಿಗೆ ಕಳಿಸಲು ಶ್ರಾವ್ಯಳಿಗೆ ಹೇಳಿದ್ದೇನೆ. ತಂಗಿ, ಆವತ್ತು ನನಗೆ ನೆನಪಿತ್ತು.